ಊರಿನ ಹೆಸರು ಕೇಳಿ ಹೆದರೋದು ಬಿಟ್ಟು ರೂಮಿರೋ ಬೀದಿ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕಕ್ಕೆ ಎಂಎಸ್ (ಮಾಸ್ಟರ್ಸ್ ಡಿಗ್ರಿ) ಮಾಡೋಕೆ ಹೊರಟಿರೋ ಮಕ್ಕಳ ಮನೇಲೆಲ್ಲ ಒಂದೇ ಮಾತು, ಚಿಕಾಗೋ ಬೇಡ, ಫಿಲಡೆಲ್ಫಿಯಾ ಬೇಡ, ಬಾಲ್ಟಿಮೋರ್ ಅಂತೂ ಬೇಡವೇ ಬೇಡ, ಅಲ್ಲಿ ಗನ್ ಹಿಡ್ಕೊಂಡು ಓಡಾಡ್ತಾರಂತೆ ಅಂತ. ಅಡ್ಮಿಟ್, ಅಂದ್ರೆ ಸೀಟು ಸಿಕ್ಕಿದೆ ಅನ್ನೋ ಪತ್ರ, ಬಂದಿರತ್ತೆ, ಬಹಳ ಕಡೆ ಏಪ್ರಿಲ್ 15ರೊಳಗೆ ಏನಾದ್ರೂ ಒಂದು ಹೇಳಬೇಕು, ಅಷ್ಟರಲ್ಲಿ ಯಾರೋ ನೆಂಟರು ವಾಟ್ಸಾಪಲ್ಲಿ ಒಂದು ವಿಡಿಯೋ ಕಳಿಸ್ತಾರೆ, ಅಲ್ಲಿಗೆ ಮುಗೀತು. ನಮ್ಮನೇಲೂ ಮಗಳ ವಿಷಯಕ್ಕೆ ಇದೇ ಚರ್ಚೆ ಆಗಿದೆ, ಅದಕ್ಕೇ ಬರೀತಿದೀನಿ. ಹೆತ್ತೋರ ಭಯ ಸುಳ್ಳಲ್ಲ. ಆದ್ರೆ ನಾವು ಹೆದರಬೇಕಾದ್ದು ಒಂದಕ್ಕೆ, ಹೆದರ್ತಿರೋದು ಇನ್ನೊಂದಕ್ಕೆ.

ಜೀನ್ ಕ್ಲೆರಿ ಅಂತ ಒಬ್ಬ ಹುಡುಗಿ ಇದ್ಲು. ಅವಳ ಅಣ್ಣಂದಿರು ಓದಿದ್ದು ನ್ಯೂ ಆರ್ಲಿಯನ್ಸ್‌ನ ಟುಲೇನ್ ಯೂನಿವರ್ಸಿಟಿಲಿ, ಅವಳೂ ಅಲ್ಲಿಗೇ ಹೋಗೋದು ಅಂತಿತ್ತು, ಆದ್ರೆ ಅಲ್ಲಿ ಕ್ಯಾಂಪಸ್ ಹೊರಗೆ ಒಬ್ಬ ವಿದ್ಯಾರ್ಥಿನಿ ಕೊಲೆ ಆಯ್ತು ಅಂತ ಮನೆಯವರು ಹೆದರಿ ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿಗೆ ಸೇರಿಸಿದ್ರು, ನೋಡೋಕೆ ಶಾಂತವಾಗಿರೋ ಜಾಗ ಅಂತ. 1986ರಲ್ಲಿ ಅಲ್ಲೇ, ಹಾಸ್ಟೆಲ್‌ನ ತನ್ನ ರೂಮಲ್ಲೇ ಕೊಲೆಯಾದ್ಲು. ಕೊಂದವನು ಹೊರಗಿನ ಕಳ್ಳ ಅಲ್ಲ, ಅದೇ ಯೂನಿವರ್ಸಿಟಿ ಸ್ಟೂಡೆಂಟು. ತಾನಾಗೇ ಲಾಕ್ ಆಗಬೇಕಿದ್ದ ಬಾಗಿಲುಗಳಿಗೆ ಯಾರೋ ಅಡ್ಡ ಕೊಟ್ಟು ತೆರೆದಿಟ್ಟಿದ್ರು. ಆ ಅಪ್ಪ ಅಮ್ಮ ಹೋರಾಡಿದ್ದರಿಂದ 1990ರಲ್ಲಿ ಬಂದ ಕಾನೂನೇ ಕ್ಲೆರಿ ಆಕ್ಟ್.

ಈ ಕಾನೂನಿನ ಪ್ರಕಾರ ಅಮೆರಿಕದ ಹೆಚ್ಚುಕಮ್ಮಿ ಎಲ್ಲಾ ಯೂನಿವರ್ಸಿಟಿಗಳೂ ವರ್ಷಾವರ್ಷ ಅಕ್ಟೋಬರ್ 1ರೊಳಗೆ ಹಿಂದಿನ 3 ವರ್ಷದ ಅಪರಾಧಗಳ ಲೆಕ್ಕ ಎಲ್ಲರಿಗೂ ಸಿಗೋ ಹಾಗೆ ಹಾಕಬೇಕು, ನೆಟ್ಟಲ್ಲಿ ಫ್ರೀಯಾಗೇ ಸಿಗತ್ತೆ. ಓದಿ, ಖಂಡಿತ ಓದಿ, ಆದ್ರೆ ಅದರಲ್ಲಿ ಏನಿರಲ್ಲ ಅನ್ನೋದೂ ಗೊತ್ತಿರಲಿ. ಕ್ಯಾಂಪಸ್ಸು, ಯೂನಿವರ್ಸಿಟಿಗೆ ಸೇರಿದ ಬಿಲ್ಡಿಂಗು, ಕ್ಯಾಂಪಸ್‌ಗೆ ಅಂಟ್ಕೊಂಡಿರೋ ರಸ್ತೆ, ಅಷ್ಟೇ ಆ ಲೆಕ್ಕ. ಲೈಬ್ರರಿಲಿ ಲ್ಯಾಪ್‌ಟಾಪ್ ಕಳುವಾದ್ರೆ ಅಂಥ ಸಾಮಾನ್ಯ ಕಳ್ಳತನ ಅದರಲ್ಲಿ ಬರಲ್ಲ. ಇನ್ನು ಲೈಂಗಿಕ ದೌರ್ಜನ್ಯದ ಕಾಲಮ್ಮಲ್ಲಿ ಸೊನ್ನೆ ಇದೆ ಅಂತ ಸಮಾಧಾನ ಪಡೋ ಹಾಗೂ ಇಲ್ಲ, ಹೆಣ್ಮಕ್ಕಳು ದೂರು ಕೊಡೋಕೆ ಧೈರ್ಯ ಮಾಡೋ ಕಡೆ ಸಂಖ್ಯೆ ಜಾಸ್ತಿ ಕಾಣತ್ತೆ, ಬಾಯಿ ಮುಚ್ಚಿಸೋ ಕಡೆ ಕಮ್ಮಿ.

ನಮ್ಮ ಮಕ್ಕಳ ವಿಷಯಕ್ಕೆ ಬಂದ್ರೆ ಇಲ್ಲೇ ಇರೋದು ಅಸಲಿ ತೊಂದರೆ. ಎಂಎಸ್‌ಗೆ ಹೋಗೋರಲ್ಲಿ ಬಹಳ ಜನ ಕ್ಯಾಂಪಸ್ ಒಳಗೆ ಇರೋದೇ ಇಲ್ಲ, ನಾಲ್ಕೈದು ಜನ ಸೇರಿ ಹೊರಗೆ ಅಪಾರ್ಟ್‌ಮೆಂಟ್ ಮಾಡ್ತಾರೆ, ಕ್ಯಾಂಪಸ್ ಪಕ್ಕ ಬಾಡಿಗೆ ಜಾಸ್ತಿ ಅಂತ ಹತ್ತು ಬೀದಿ ಆಚೆ ಹೋಗ್ತಾರೆ, ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ಸಲ್ಲಿ ಕೆಲಸ ಮಾಡಬಹುದು ಅಂತ ರಾತ್ರಿ ಶಿಫ್ಟ್ ಹಿಡೀತಾರೆ, ಮುಗಿಸಿ ನಡ್ಕೊಂಡು ಬರೋ ರಸ್ತೆ ಯೂನಿವರ್ಸಿಟಿಯ ಯಾವ ಲೆಕ್ಕದಲ್ಲೂ ಇರಲ್ಲ. ತಿಂಗಳಿಗೆ ಸ್ವಲ್ಪ ಡಾಲರ್ ಉಳಿಸೋಕೆ ಹೋಗಿ ದಿನಾ ರಾತ್ರಿ ಆ ದಾರಿ ನಡೀಬೇಕಾಗತ್ತೆ. ಎಜುಕೇಶನ್ ಲೋನ್ ತಗೊಳ್ಳುವಾಗಲೇ ಬಾಡಿಗೆಗೆ ಸ್ವಲ್ಪ ಜಾಸ್ತಿ ಹಿಡಿದಿಟ್ಕೊಳ್ಳಿ ಅಂತ ನಾನಂತೂ ಎಲ್ಲರಿಗೂ ಹೇಳ್ತೀನಿ.

ಊರು ಒಂದೇ ಆದ್ರೂ ಯೂನಿವರ್ಸಿಟಿ ಏನು ಮಾಡ್ತಿದೆ ಅನ್ನೋದು ಮುಖ್ಯ. ಚಿಕಾಗೋ ಯೂನಿವರ್ಸಿಟಿಗೆ ಸ್ವಂತ ಪೊಲೀಸ್ ಇದೆ, ಅವರ ಗಸ್ತು ಹೈಡ್ ಪಾರ್ಕ್ ಬಡಾವಣೆಯ ಕ್ಯಾಂಪಸ್ ದಾಟಿ 37ನೇ ಸ್ಟ್ರೀಟಿಂದ 64ನೇ ಸ್ಟ್ರೀಟ್ ವರೆಗೂ ಇರತ್ತೆ. ವೆಸ್ಟ್ ಫಿಲಡೆಲ್ಫಿಯಾದ ಪೆನ್ ಯೂನಿವರ್ಸಿಟಿ 1990ರ ದಶಕದಲ್ಲಿ ಅಪರಾಧದಿಂದ ಬಹಳ ನಲುಗಿತ್ತು, ಆಗ ಯೂನಿವರ್ಸಿಟಿಯ ಪ್ರೆಸಿಡೆಂಟ್ ಆಗಿದ್ದ ಜೂಡಿತ್ ರೋಡಿನ್ ಕಾಂಪೌಂಡ್ ಎತ್ತರಿಸಿ ಕೂರಲಿಲ್ಲ, ಸುತ್ತಮುತ್ತಲ ಮನೆಗಳ ಮುಂದೆ ದೀಪ ಹಾಕ್ಸೋಕೆ ದುಡ್ಡು ಕೊಟ್ಟು, ಬೀದಿ ಕ್ಲೀನ್ ಮಾಡ್ಸಿ, 2001ರಲ್ಲಿ ಅಲ್ಲಿನ ಮಕ್ಕಳಿಗೆ ಪಬ್ಲಿಕ್ ಸ್ಕೂಲ್ ಶುರುವಾಗೋಕೆ ಕೈಜೋಡಿಸಿದ್ರು. ಬೀದಿಗೆ ಬೆಳಕು ಬಂದ್ರೆ ಅಲ್ಲಿರೋರಿಗೂ ಒಳ್ಳೇದು, ಓದೋಕೆ ಹೋದೋರಿಗೂ ಒಳ್ಳೇದು.

ಇನ್ನೊಂದು ಹೇಳಲೇಬೇಕು, ಬೇಜಾರಾದ್ರೂ ಪರವಾಗಿಲ್ಲ. ಆ ಏರಿಯಾ ಸರಿ ಇಲ್ಲ ಅಂತ ನಮ್ಮೋರು ಹೇಳುವಾಗ ಎಷ್ಟೋ ಸಲ ಅವರು ನೋಡಿರೋದು ಅಲ್ಲಿರೋ ಜನರ ಮೈಬಣ್ಣ ಅಷ್ಟೇ, ಅಪರಾಧದ ಲೆಕ್ಕ ಅಲ್ಲ. ತಲೆತಲಾಂತರದಿಂದ ಅಲ್ಲೇ ಸಂಸಾರ ಮಾಡ್ಕೊಂಡಿರೋ ಕಪ್ಪು ಜನರನ್ನ ಕಳ್ಳರ ಥರ ನೋಡೋದು ತಪ್ಪು, ಅದರಿಂದ ನಮ್ಮ ಮಕ್ಕಳಿಗೆ ರಕ್ಷಣೆನೂ ಸಿಗಲ್ಲ.

ಅದರ ಬದಲು ಅಲ್ಲೇ ಓದ್ತಿರೋ ಸೀನಿಯರ್ ಹುಡುಗೀರನ್ನ ಕೇಳಿ, ರಾತ್ರಿ ಹತ್ತಕ್ಕೆ ಲ್ಯಾಬಿಂದ ರೂಮಿಗೆ ಹೆಂಗಮ್ಮ ಬರ್ತೀಯಾ ಅಂತ. ಹುಡುಗರ ಉತ್ತರ ಬೇರೆ ಇರತ್ತೆ, ಅವಳದ್ದು ಬೇರೆ ಇರತ್ತೆ. ಬಾಡಿಗೆ ಅಗ್ರಿಮೆಂಟಿಗೆ ಸೈನ್ ಹಾಕೋ ಮುಂಚೆ ಆ ಅಡ್ರೆಸ್ಸನ್ನ ಊರಿನ ಪೊಲೀಸರ ಕ್ರೈಮ್ ಮ್ಯಾಪಲ್ಲಿ ಹಾಕಿ ನೋಡಿ, ದೊಡ್ಡ ಊರುಗಳಲ್ಲಿ ಸಾಮಾನ್ಯವಾಗಿ ಇರತ್ತೆ. ಬಿಲ್ಡಿಂಗಿನ ಮೇನ್ ಡೋರ್ ನಿಜವಾಗ್ಲೂ ಲಾಕ್ ಆಗತ್ತಾ ಅಂತ ವಿಡಿಯೋ ಕಾಲಲ್ಲಿ ತೋರಿಸೋಕೆ ಹೇಳಿ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಫಾರಿನ್ ಯೂನಿವರ್ಸಿಟಿಗಳ ಬಗ್ಗೆ ಬರೆಯೋವಾಗ ರ‍್ಯಾಂಕು, ಫೀಸು ಹಾಕೋ ಜಾಗದ ಪಕ್ಕದಲ್ಲೇ ಅಲ್ಲಿನ ನೈಟ್ ಶಟಲ್ ಬಸ್ ಎಷ್ಟೊತ್ತಿನವರೆಗೆ ಓಡತ್ತೆ, ಕ್ಯಾಂಪಸ್ಸಿಂದ ಎಷ್ಟು ದೂರದವರೆಗೆ ಬಿಡತ್ತೆ ಅನ್ನೋದನ್ನೂ ಒಂದು ಸಾಲು ಹಾಕಿ.

ಇಂತಿ,
ಒಬ್ಬ ತಾಯಿ