ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಎದೆಯಲ್ಲಿ ಅಂಟು ಕಫ ಕಟ್ಟುವ ನನ್ನ ಹುಟ್ಟುಕಾಯಿಲೆ, ಅದರ ಸೋಂಕಿಗೆ ರಕ್ತನಾಳದ ಮೂಲಕ ಕೊಡುತ್ತಿದ್ದ ಔಷಧಿ (ಐವಿ) ಮುಗಿಯಿತು. ನಿನ್ನೆ ತೋಳಿನಿಂದ ಲೈನ್ ತೆಗೆದರು. ಶ್ವಾಸಕೋಶದ ಶಕ್ತಿ ಅಳೆಯಲು ಊದಿಸಿ ನೋಡುವ ಪರೀಕ್ಷೆಯಲ್ಲಿ ನನ್ನ ನಂಬರ್ ಮೊದಲು ಎಲ್ಲಿತ್ತೋ ಹೆಚ್ಚುಕಮ್ಮಿ ಅಲ್ಲಿಗೇ ಬಂದಿದೆ. ಏನಾಯ್ತು, ಹೇಗಾಯ್ತು ಅನ್ನೋದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ.

"ಹಾಗಾದ್ರೆ ಸೋಂಕು ಹೋಯ್ತಾ?" ಅಂತ ತುಂಬಾ ಜನ ಕೇಳಿದ್ದೀರಿ. ಹೋಗಿಲ್ಲ. ನನ್ನ ಎದೆಯಲ್ಲಿರುವ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಮೊದಲ ಸಲ ಕಂಡಾಗಲೇ ಔಷಧಿ ಕೊಟ್ಟರೆ ಎಷ್ಟೋ ಸಲ ಓಡಿಸಬಹುದು. ಬೇರೂರಿದ ಮೇಲೆ ಅದು ನಮ್ಮ ಅಂಟು ಕಫದೊಳಗೆ ತನ್ನ ಸುತ್ತ ಲೋಳೆ ಕಟ್ಟಿಕೊಂಡು ಕೂತುಬಿಡುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಅದನ್ನು ಕೊಲ್ಲುವ ಔಷಧಿ ಎದೆಯೊಳಗೆ ಅಷ್ಟು ಕೆಲಸ ಮಾಡದೇ ಇರಬಹುದು. ಅದಕ್ಕೇ ಎರಡು ಆಂಟಿಬಯಾಟಿಕ್ ಒಟ್ಟಿಗೆ, ಅದಕ್ಕೇ ಅಷ್ಟು ದೊಡ್ಡ ಡೋಸ್. ಸದ್ಯಕ್ಕೆ ಅದು ತಣ್ಣಗಿದೆ. ನನಗೆ ಅಷ್ಟು ಸಾಕು.

ಅಕ್ಕನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಕೆಮ್ಮಿದಾಗ ಕಫದ ಜೊತೆ ರಕ್ತ ಬಂತಲ್ಲ, ಆ ರಾತ್ರಿ ನನ್ನ ಪಕ್ಕ ಇದ್ದವಳು ಅವಳೊಬ್ಬಳೇ. ಏನೂ ಆಗಲ್ಲ ಅಂತ ಒಮ್ಮೆಯೂ ಹೇಳಲಿಲ್ಲ. ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದು ಕೈ ನನ್ನ ಬೆನ್ನ ಮೇಲಿಟ್ಟು, ಎಷ್ಟು ಬಂತು, ಯಾವ ಬಣ್ಣ ಅಂತ ನರ್ಸ್‌ಗೆ ಸರಿಯಾಗಿ ಹೇಳುತ್ತಿದ್ದಳು. ಬೆಳಗಿನ ಜಾವ ನಾನು "ಸಾಕಾಯ್ತು ಅಕ್ಕಾ, ಇನ್ನು ಯಾವ ಔಷಧಿನೂ ಬೇಡ" ಅಂದೆ. ಮನಸ್ಸಿನಿಂದಲೇ ಅಂದೆ. ಅವಳು ವಾದ ಮಾಡಲಿಲ್ಲ, ಹಾಗನ್ನಬೇಡ ಅಂತ ಬೈಯಲೂ ಇಲ್ಲ. ಮಂಚದ ಮೇಲೆ ಕೂತು ನನ್ನ ಜೊತೆ ತಾನೂ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, "ಆರು ಗಂಟೆ ಡೋಸ್ ತಗೋ, ಮಿಕ್ಕಿದ್ದು ಆಮೇಲೆ ನೋಡೋಣ" ಅಂದಳು. ತಗೊಂಡೆ.

ಆ ಎರಡು ಆಂಟಿಬಯಾಟಿಕ್‌ಗಳಲ್ಲಿ ಒಂದಾದ ಟೋಬ್ರಾಮೈಸಿನ್ ಕಿವಿಗೂ ಕಿಡ್ನಿಗೂ ಪೆಟ್ಟು ಕೊಡಬಹುದು, ಅದಕ್ಕೆ ರಕ್ತದಲ್ಲಿ ಅದರ ಮಟ್ಟ ನೋಡುತ್ತಾ ಇರುತ್ತಾರೆ. ಅಕ್ಕನ ಪರೀಕ್ಷೆಯೇ ಬೇರೆ. ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ನನ್ನ ಹೆಸರು ಕರೆಯುವುದು, ನಾನು ತಿರುಗಿದರೆ "ಕಿವಿ ಗುಂಯ್ ಅಂತಿದೆಯಾ? ತಲೆ ತಿರುಗುತ್ತಾ?" ಅಂತ ಕೇಳುವುದು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಕಪ್ಪಿನ ಪುಟ್ಟ ಪುಟ್ಟ ಭಾಗಗಳನ್ನು ಬಿಚ್ಚಿ, ತೊಳೆದು, ಕುದಿಸಿ, ಒಂದಕ್ಕೊಂದು ತಾಗದ ಹಾಗೆ ಒಣಗಲು ಇಡುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಡಾಕ್ಟರು, ನರ್ಸ್‌ಗಳು, ಕಫ ಹೊರಗೆ ಬರುವ ತನಕ ಬಿಡದ ಫಿಸಿಯೋ, ಊಟ ತಂದವರು, ನನ್ನ ಪಾಲಿನ ಕೆಲಸ ಹಂಚಿಕೊಂಡವರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಇದೇ ಕಾಯಿಲೆ ಇರುವ ನನ್ನ ಗೆಳತಿಗೂ. ಒಬ್ಬರ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಹರಡಬಾರದು ಅಂತ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂರುವ ಹಾಗಿಲ್ಲ. ಆದರೂ ಫೋನಿನಲ್ಲಿ ಅವಳು ಕೆಮ್ಮುವುದು ಕೇಳಿದಾಗ ನನ್ನವರು ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಮುಖ ನೋಡದ ಕೆಲವರಿಗೂ ಹೇಳಬೇಕು. ಸೋಮವಾರದಿಂದ ನಾನು ಮತ್ತೆ ಶುರು ಮಾಡುವ ಉಸಿರಿನ ಟೋಬ್ರಾಮೈಸಿನ್, 28 ದಿನ ತಗೊಂಡು 28 ದಿನ ಬಿಡುವುದು, 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ. ಅದರ ಪ್ರಯೋಗಕ್ಕೆ 520 ರೋಗಿಗಳು ಒಪ್ಪಿ ಬಂದಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಔಷಧಿಯೇ ಇಲ್ಲದ ಉಪ್ಪುನೀರು. ನಮ್ಮ ಹಾಗೇ ಕೆಮ್ಮುತ್ತಿದ್ದವರು, ಔಷಧಿ ಸಿಗದೇ ಇರಬಹುದು ಅಂತ ಗೊತ್ತಿದ್ದೂ ಒಪ್ಪಿದವರು. ಅವರಿಗೆ ನಾನು ಋಣಿ.

ಮನೆಗೆ ಬನ್ನಿ. ನೆಗಡಿ ಇದ್ದರೆ ಮಾತ್ರ ವಾಸಿಯಾದ ಮೇಲೆ ಬನ್ನಿ. ಅಕ್ಕ ಮುಂದಿನ ವಾರ ಕೆಲಸಕ್ಕೆ ವಾಪಸ್ ಹೋಗುತ್ತಾಳೆ, ತುಂಬಾ ಸುಸ್ತಾಗಿದ್ದಾಳೆ. ಯಾರಾದರೂ ಅವಳನ್ನು ಎಲ್ಲಿಗಾದರೂ ಸುಮ್ನೆ ಸುತ್ತಾಡಿಸಿಕೊಂಡು ಬನ್ನಿ, ನನ್ನ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡಿ.