ಗೆಳೆಯನಿಗೊಂದು ಪತ್ರ: ನೈಲ್ ಕದನಕ್ಕೆ ಕುಣಿದವನಿಂದ

ಪ್ರಿಯ ಗೆಳೆಯಾ,

ಇಂಗ್ಲೆಂಡಿಗೆ ಬಂದು ನಾನು ಕುಣಿಯಲು ಕಲಿತೆನೆಂಬ ಸುದ್ದಿ ಮುಟ್ಟಿದಂದಿನಿಂದ ನೀನು ನನ್ನನ್ನು ಗೇಲಿ ಮಾಡಲು ಬನ್ನೂರು ಬಸ್ಸಿನ ಹಳೆಯ ಪ್ರಸಂಗವನ್ನು ಎತ್ತದೆ ಒಂದು ಸಂದೇಶವನ್ನೂ ಕಳುಹಿಸಿಲ್ಲವಾದ್ದರಿಂದ, ಈ ಪತ್ರವನ್ನು ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಸಾಕ್ಷಿಗಳಿದ್ದರೆ ನೀನು ತುಸು ಮರ್ಯಾದೆಯಿಂದಿರುತ್ತೀಯೆ.

ಇಲ್ಲಿಯ ಕಂಟ್ರಿ ಡ್ಯಾನ್ಸ್ ಎಂಬ ಗುಂಪುಕುಣಿತದ ಮಟ್ಟುಗಳಲ್ಲಿ ನನ್ನ ಕಾಲಿಗೆ ಹೆಚ್ಚು ಹಿಡಿಸಿರುವುದು ‘ಬ್ಯಾಟಲ್ ಆಫ್ ದ ನೈಲ್’, ಅಂದರೆ ನೈಲ್ ಕದನ. ಎದುರುಬದುರಾಗಿ ಎರಡು ಸಾಲು ನಿಲ್ಲುತ್ತೇವೆ. ತುದಿಯ ಜೋಡಿ ಕೈಹಿಡಿದು ನಡುವೆ ಇಳಿದು, ಮರಳಿ ಬಂದು, ಸಾಲಿನ ಹೊರಗಿನಿಂದ ಸುತ್ತಿ ಒಂದು ಸ್ಥಾನ ಕೆಳಕ್ಕೆ ಸರಿಯುತ್ತದೆ. ಪಿಟೀಲು ಮತ್ತೆ ಮೊದಲಿನಿಂದ ಶುರುಮಾಡುವಷ್ಟರಲ್ಲಿ ನಮ್ಮೆದುರಿಗೆ ಹೊಸ ಜೋಡಿ ಬಂದಿರುತ್ತದೆ.

ಹೆಸರಿನ ಹಿಂದಿನ ಕಥೆಯನ್ನು ನಾನು ತಡವಾಗಿ ಓದಿದೆ. 1798ರ ಆಗಸ್ಟ್ 1ರ ಸಂಜೆ ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಫ್ರೆಂಚ್ ನೌಕಾಪಡೆಯ ಮೇಲೆರಗಿದ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್, ಅದರ 13 ದೊಡ್ಡ ಯುದ್ಧನೌಕೆಗಳಲ್ಲಿ 11ನ್ನು ಸೆರೆಹಿಡಿದ ಇಲ್ಲವೇ ನಾಶಮಾಡಿದ. ಸುದ್ದಿ ಲಂಡನ್ನಿಗೆ ಮುಟ್ಟಿದ ಅಕ್ಟೋಬರಿನಲ್ಲೇ ಅಲ್ಲಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಅದರ ಮೇಲೊಂದು ಆಟ ರಂಗಕ್ಕೇರಿತು. ವರ್ಷಕ್ಕೊಮ್ಮೆ 24 ಕುಣಿತಗಳ ಕಿರುಪುಸ್ತಕ ಮಾರುತ್ತಿದ್ದ ಆ ಕಾಲದ ಪ್ರಕಾಶಕರಿಗೆ ಹೊಸ ಕುಣಿತಗಳಿಗೆ ಹೆಸರು ಒದಗಿಸುವ ಇಂಥ ಗೆಲುವುಗಳೆಲ್ಲ ಹಬ್ಬವೇ.

ಆದರೆ ನೆಲ್ಸನ್ ಲಂಡನ್ನಿಗಷ್ಟೇ ಸುದ್ದಿ ಕಳುಹಿಸಲಿಲ್ಲ. ಡುವಾಲ್ ಎಂಬ ಲೆಫ್ಟಿನೆಂಟನನ್ನು ಅಲೆಪ್ಪೊ, ಬಾಗ್ದಾದ್, ಬಸ್ರಾಗಳ ಹಾದಿಯಲ್ಲಿ ಮುಂಬಯಿಗೂ ಓಡಿಸಿದ. ಏಕೆಂದರೆ ಫ್ರೆಂಚ್ ಸೇನಾಪತಿ ನೆಪೋಲಿಯನ್ ಬೋನಪಾರ್ಟನ ಕಣ್ಣು ಹಿಂದೂಸ್ತಾನದ ಮೇಲಿತ್ತು, ಫ್ರೆಂಚರ ನೆರವು ಕೋರಿ ಮಾರಿಷಸ್‌ವರೆಗೂ ದೂತರನ್ನು ಕಳುಹಿಸಿದ್ದವನು ನಮ್ಮ ಟಿಪ್ಪು. 1799ರ ಜನವರಿಯಲ್ಲಿ ಬೋನಪಾರ್ಟ ಕೈರೋದಿಂದ ಅವನಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈಸ್ಟ್ ಇಂಡಿಯಾ ಕಂಪನಿಯು ನೈಲಿನ ಗೆಲುವಿಗಾಗಿ ನೆಲ್ಸನ್ನನಿಗೆ 10,000 ಪೌಂಡು ಕೊಟ್ಟಿತು. ನೈಲಿನಲ್ಲಿ ಫ್ರೆಂಚರು ಗೆದ್ದಿದ್ದರೆ ನಮ್ಮ ಕೋಟೆ ಉಳಿಯುತ್ತಿತ್ತೆಂದು ನಾನು ವಾದಿಸುವುದಿಲ್ಲ. ಉಳಿದಿದ್ದರೆ ಒಳ್ಳೆಯದಾಗುತ್ತಿತ್ತೇ ಎಂಬ ಜಗಳವನ್ನು ದಯವಿಟ್ಟು ಇಲ್ಲಿ ಯಾರೂ ಎತ್ತಬಾರದು.

ನನ್ನ ಇರಿಸುಮುರಿಸು ಬೇರೆಯದು. ಇಷ್ಟೆಲ್ಲ ತಿಳಿದ ಮೇಲೂ ಮಟ್ಟು ಶುರುವಾದೊಡನೆ ನನ್ನ ಕಾಲು ಒಂದು ಕ್ಷಣವೂ ಹಿಂಜರಿಯಲಿಲ್ಲ. ಬಿಡುವಿನಲ್ಲಿ ಪಕ್ಕದ ಅಜ್ಜಿ ಊರು ಯಾವುದೆಂದು ಕೇಳಿದಾಗ, ಶ್ರೀರಂಗಪಟ್ಟಣದ ಪಕ್ಕ ಎಂದು ಕಥೆ ಬಿಚ್ಚಬಹುದಾಗಿದ್ದವನು ಬೆಂಗಳೂರು ಎಂದುಬಿಟ್ಟೆ. ಅದನ್ನು ಸಭ್ಯತೆಯೆಂದು ಕರೆದುಕೊಂಡು ಮನೆಗೆ ಬಂದೆನಾದರೂ, ನಿಜವೇನೆಂದರೆ ಈ ಊರಿನಲ್ಲಿ ವಾರವಿಡೀ ನನ್ನ ಕೈಯನ್ನು ಯಾರೂ ಮುಟ್ಟುವುದಿಲ್ಲ. ಕಾರ್ಡು ಬಂದ ಮೇಲೆ ಅಂಗಡಿಯವನು ಚಿಲ್ಲರೆ ಕೊಡುವುದೂ ನಿಂತಿದೆ. ಆ ಸಾಲಿನಲ್ಲಿ ಮಾತ್ರ ಬೆವೆತ ಕೈ, ನಡುಗುವ ಕೈ, ಉಂಗುರ ಒತ್ತುವ ಕೈ ಎಲ್ಲವೂ ಸರದಿಯಂತೆ ಬಂದು ನನ್ನ ಕೈಯನ್ನು ಹಿಡಿಯುತ್ತವೆ. ಅವು ಒಂದಿಷ್ಟು ಸಡಿಲಗೊಳ್ಳಬಹುದಾದ ಮಾತನ್ನು ಆಡುವ ಧೈರ್ಯ ನನಗಾಗಲಿಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ ಮಾರಾಯ. ನಿನ್ನ ಅತ್ತೆಯವರೂ ಇದನ್ನು ಓದುತ್ತಾರೆಂಬುದು ಈಗ ನೆನಪಾಯಿತು. ನಾನು ಹೊತ್ತು ಹೊತ್ತಿಗೆ ಊಟಮಾಡಿ ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆಂದು ಅವರಿಗೆ ತಿಳಿಸು. ಮುಂದಿನ ಶನಿವಾರ ಸಾಲಿನ ತುದಿಯಲ್ಲಿ ನಿಲ್ಲುವ ಸರದಿ ನನ್ನದಂತೆ. ಎಡಕ್ಕೆ ತಿರುಗಿ ಎಂದು ಕೂಗಿದರೆ ನಾನು ಯಾವ ದಿಕ್ಕಿಗೆ ಹೊರಡುತ್ತೇನೆಂಬುದು ನಿನಗೂ ನಮ್ಮ ಎನ್‌ಸಿಸಿ ಸುಬೇದಾರರಿಗೂ ಗೊತ್ತು. ಈ ಪಾಪದ ಇಂಗ್ಲಿಷರಿಗೆ ಇನ್ನೂ ಗೊತ್ತಿಲ್ಲ.

ನಿನ್ನವನೇ ಆದ
ಕುಣಿತಗಾರ