ವೈವಾ ಮುಗೀತು, ಋಣ ಮುಗಿದಿಲ್ಲ

ಮೊನ್ನೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್‌ಡಿ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಫೋನ್, ಮೆಸೇಜ್ ಮಾಡಿದವರಿಗೆಲ್ಲ ಇನ್ನೂ ಉತ್ತರ ಕೊಡಲು ಆಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಜೀವಕೋಶಗಳ ಸಾವು. ರೋಣದಲ್ಲಿರುವ ಅವ್ವ ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದಳು: "ಸಾಯೂದನ್ನ ನೋಡಾಕ ಇಷ್ಟು ವರ್ಷ ಯಾಕವಾ?" ಸಾಯುವುದನ್ನು ನೋಡಬೇಕಂದ್ರೆ ಮೊದಲು ಸಾಕಬೇಕಲ್ಲ. 37 ಡಿಗ್ರಿ ಶಾಖ, ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್, ಎರಡು-ಮೂರು ದಿನಕ್ಕೊಮ್ಮೆ ಹೊಸ ಮೀಡಿಯಾ, ಅಂದರೆ ಕೋಶಗಳ ಆಹಾರದ ದ್ರವ. ಹಬ್ಬ-ಹುಣ್ಣಿಮೆ ಇಲ್ಲದ ಬಾಣಂತನ ಅದು, ಒಬ್ಬಳಿಂದ ಆಗುವಂಥದ್ದಲ್ಲ. ಶ್ರಾವಣದ ಜಿಟಿಜಿಟಿ ಮಳೆ ಕವಿಗಳಿಗೆ ಚೆಂದ. ಕೋಶ ಸಾಕುವ ಕಲ್ಚರ್ ರೂಮಿನವರಿಗೆ ಅದು ಬೂಷ್ಟಿನ ಕಾಲ.

ಮೊದಲ ನಮಸ್ಕಾರ ನಮ್ಮ ಅಟೆಂಡರ್ ಕಾಕಾಗೆ. ಕೋಶಗಳ ದಾಸ್ತಾನು ಇರುವುದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಕ್ಯಾನಿನಲ್ಲಿ. ಅವರು ಕಟ್ಟಿಗೆಯ ಪಟ್ಟಿ ಇಳಿಸಿ, ಎತ್ತಿ, ಗಾಳಿಯಲ್ಲಿ ಒಂದಿಷ್ಟು ಆಡಿಸಿ, ಬಿಳಿ ಹಿಮ ಎಲ್ಲಿಯವರೆಗೆ ಹತ್ತಿದೆ ನೋಡಿ, ನೈಟ್ರೋಜನ್ ಎಷ್ಟು ಉಳಿದಿದೆ ಎಂದು ಅಳೆದು, "ಗುರುವಾರಕ್ಕ ತರಸಬೇಕ್ರಿ" ಅನ್ನುತ್ತಿದ್ದರು. ಆ ಗುರುವಾರ ತಪ್ಪಿದ್ದರೆ ಥೀಸಿಸ್ ಇಲ್ಲ. ರಾತ್ರಿ ಕರೆಂಟ್ ಹೋಗಿ ಜನರೇಟರ್ ಹತ್ತದಿದ್ದಾಗ ಫೋನ್ ಮಾಡಿ ಎಬ್ಬಿಸಿದ ವಾಚ್‌ಮನ್ ಅಣ್ಣನಿಗೂ, ನಿದ್ದೆಗಣ್ಣಲ್ಲೇ ಸ್ಕೂಟಿ ತೆಗೆದ ರೂಮ್‌ಮೇಟ್‌ಗೂ ಅಷ್ಟೇ ಋಣಿ.

ಗೈಡ್ ಸರ್‌ ಅವರದು ಒಂದೇ ಹಟ: "ಸತ್ತಾವು ಅನ್ನೂದು ಬ್ಯಾಡ, ಹೆಂಗ ಸತ್ತುವು ಹೇಳು." ಉತ್ತರ ಮೈಟೊಕಾಂಡ್ರಿಯಾದಲ್ಲಿತ್ತು. ಶಾಲೆಯಲ್ಲಿ ಅದನ್ನು 'ಕೋಶದ ಶಕ್ತಿಕೇಂದ್ರ' ಎಂದು ಉರುಹೊಡೆದು ಬಿಟ್ಟಿರುತ್ತೇವೆ. ಉಸಿರಾಟಕ್ಕೆ ದುಡಿಯುವ ಅಲ್ಲಿನ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರಿದರೆ ಸಾವಿನ ಸರಣಿಯೇ ಶುರುವಾಗುತ್ತದೆ ಎಂದು 1996ರಲ್ಲಿ ತೋರಿಸಿದ್ದು ವಿಜ್ಞಾನಿ ಶಿಯಾವ್‌ಡಾಂಗ್ ವಾಂಗ್ ಅವರ ತಂಡ. ಹೊರಬಂದ ಅದು ಅಪಾಫ್-1 ಎಂಬ ಇನ್ನೊಂದು ಪ್ರೋಟೀನ್ ಜೊತೆ ಸೇರುತ್ತದೆ, ಪ್ರೋಟೀನ್ ಕತ್ತರಿಸುವ ಕಿಣ್ವಗಳಾದ ಕ್ಯಾಸ್ಪೇಸ್‌ಗಳು ಎಚ್ಚರಗೊಂಡು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಕೆಟ್ಟದ್ದೇನಲ್ಲ. ಗರ್ಭದಲ್ಲಿ ನಮ್ಮ ಬೆರಳುಗಳು ಬಿಡಿಬಿಡಿಯಾಗಿದ್ದೂ ನಡುವಿನ ಕೋಶಗಳು ಹೀಗೆ ಸತ್ತಿದ್ದರಿಂದಲೇ.

ನಾನು ನೋಡಿದ್ದು ಕ್ಯಾನ್ಸರ್ ಕೋಶಗಳಿಗೆ ಒಂದು ಸಸ್ಯದ ಸಾರ ಹಾಕಿದಾಗ ಏನಾಗುತ್ತದೆ ಎಂದು. ಜೆಸಿ-1 ಬಣ್ಣ ಹಾಕಿದರೆ ಗಟ್ಟಿಮುಟ್ಟಾದ ಮೈಟೊಕಾಂಡ್ರಿಯಾ ಕೆಂಪಗೆ ಹೊಳೆಯುತ್ತವೆ, ಪೊರೆಯ ವಿದ್ಯುತ್ ಇಳಿದವು ಹಸಿರಾಗುತ್ತವೆ. ಕತ್ತಲ ಕೋಣೆಯಲ್ಲಿ ಕೆಂಪು ಕರಗಿ ಹಸಿರು ಹಬ್ಬಿದ್ದನ್ನು ಕಂಡ ದಿನ ಊಟ ಮರೆತೆ. 'ಕ್ಯಾನ್ಸರ್‌ಗೆ ಔಷಧ ಕಂಡುಹಿಡಿದ ನಮ್ಮೂರ ಹುಡುಗಿ' ಎಂದು ವಾಟ್ಸ್ಯಾಪ್‌ನಲ್ಲಿ ಹಾಕಿದ ಮಾಮಾ, ನಿನ್ನ ಪ್ರೀತಿಗೆ ಶರಣು, ಆದರೆ ಅದನ್ನು ಡಿಲೀಟ್ ಮಾಡು. ಪ್ಲೇಟಿನಲ್ಲಿ ಕೋಶ ಸತ್ತಿದ್ದಕ್ಕೂ ರೋಗಿ ಗುಣವಾಗುವುದಕ್ಕೂ ನಡುವೆ ಬಹಳ ದೂರವಿದೆ.

ಇನ್ನೊಬ್ಬರ ಹೆಸರು ಹೇಳಲೇಬೇಕು: ಹೆನ್ರಿಯೆಟ್ಟಾ ಲ್ಯಾಕ್ಸ್. ನಾನು ಇಷ್ಟು ದಿನ ಸಾಕಿದ ಹೀಲಾ ಕೋಶಗಳು ಅಮೆರಿಕದ ಈ ಕಪ್ಪು ತಾಯಿಯ ಕ್ಯಾನ್ಸರ್ ಗಡ್ಡೆಯಿಂದ 1951ರಲ್ಲಿ ಬಾಲ್ಟಿಮೋರ್‌ನಲ್ಲಿ ತೆಗೆದವು. ಆಕೆಯನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ಆಕೆ ತೀರಿಕೊಂಡರು. ಮನೆಯವರಿಗೆ ವಿಷಯ ತಿಳಿದದ್ದು 1970ರ ದಶಕದಲ್ಲಿ. ಕೇಳದೆ ಪಡೆದದ್ದಕ್ಕೆ ಧನ್ಯವಾದ ಹೇಳಿದರೆ ಸಾಲದು, ಗೊತ್ತು. ಆದರೂ ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಅವ್ವನ ಹೆಸರಿನ ಕೆಳಗೇ ಅವರ ಹೆಸರಿದೆ.

ಪೇಢೆ ಡಿಪಾರ್ಟ್‌ಮೆಂಟಿನ ಟೇಬಲ್ ಮೇಲಿದೆ. ಜೂನಿಯರ್‌ಗಳೇ, ಹೊರಗೇ ತಿಂದು ಬನ್ನಿ. ಕಲ್ಚರ್ ರೂಮಿನ ಬಾಗಿಲ ಬಳಿ ಯಾರ ಕೈಯಲ್ಲಾದರೂ ಕಂಡರೆ ಕಾಕಾ ಬಿಡೋದಿಲ್ಲ.